ಕುಡಿಯದೆ ಬಿಟ್ಟ ಕಾಫಿ

ಕಾಲು ಪೌಂಡು ಕಾಫಿಪುಡಿಗೆ ಆರಾಣೆ. ಅರ್ಧ ಸೇರು ಸಕ್ಕರೆಗೆ ಹತ್ತಾಣೆ. ರೇಷನ್ ಅಂಗಡಿಯಲ್ಲಿ ಅದರ ಅರ್ಧ ಬೆಲೆಗೇ ಸಿಗುತ್ತಿತ್ತು, ಆದರೆ ರೇಷನ್ ಅಂಗಡಿಯಲ್ಲಿ ಸಕ್ಕರೆ ಇದ್ದರೆ ತಾನೆ. ಹಾಲಿಗೆ ಎರಡಾಣೆ. ಒಂದಕ್ಕೆ ಹದಿನಾಲ್ಕಾಣೆಯಂತೆ ಮೂರು ಹಿತ್ತಾಳೆ ಲೋಟಕ್ಕೆ ಎರಡು ರೂಪಾಯಿ ಹತ್ತಾಣೆ. ಇದನ್ನೆಲ್ಲ ತರುವುದಕ್ಕೆ ನಂದಗುಡಿಯಿಂದ ಹೊಸಕೋಟೆಗೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಹೋಗಿಬಂದ ಖರ್ಚು ಎಂಟಾಣೆ. ಆವತ್ತು ತಪ್ಪಿದ ಕೂಲಿ ಐದಾಣೆ. ಒಟ್ಟು ನಾಲ್ಕು ರೂಪಾಯಿ ಒಂಬತ್ತಾಣೆ. ಕಳೆ ಕೀಳುವ ಹೆಂಗಸಿಗೆ ಅದು ಹದಿನಾಲ್ಕು ದಿನಕ್ಕೂ ಮಿಕ್ಕಿದ ದುಡಿಮೆ.

ಮೂರು ಲೋಟ ಕಾಫಿಗೆ ಮುನಿಗಂಗಮ್ಮ ಹಾಕಿದ ದುಡ್ಡು ಇಷ್ಟು. ಆ ಕಾಫಿಯನ್ನು ಯಾರೂ ಕುಡಿಯಲಿಲ್ಲ. ಕುಡಿಯದೆ ಎದ್ದುಹೋದ ಮೂವರಲ್ಲಿ ಲೀಲಂಡ್ ಒಬ್ಬ. ಈ ಲೆಕ್ಕ ಅವನಿಗೆ ತಿಳಿದದ್ದು ತಡವಾಗಿ, ಅವಳ ಬಾಯಿಂದಲೇ, ಅದೂ ಸಿಟ್ಟಿನಲ್ಲಿ.

ಲೀಲಂಡ್ ಅಮೆರಿಕದ ಯೂಟಾ ಎಂಬ ಸೀಮೆಯವನು. ಇಪ್ಪತ್ತೊಂದು ವರ್ಷ. ಅವನ ಅಪ್ಪನಿಗೆ ಬೀಟ್‌ರೂಟು ಬೆಳೆಯುವ ಹೊಲ ಮತ್ತು ಹನ್ನೊಂದು ಹಸು ಇದ್ದವು. ಅವರದು ಮಾರ್ಮನ್ ಎಂಬ ಪಂಗಡ. ಆ ಪಂಗಡದ ಹುಡುಗರು ಪ್ರಾಯಕ್ಕೆ ಬಂದಮೇಲೆ ಎರಡು ವರ್ಷವನ್ನು ದೇವರ ಕೆಲಸಕ್ಕೆ ಕೊಡುತ್ತಾರೆ. ಸಂಬಳವಿಲ್ಲ, ಮನೆಯವರೇ ತಿಂಗಳು ತಿಂಗಳು ಖರ್ಚಿಗೆ ಕಳಿಸಬೇಕು, ಮೇಲಿನವರು ಯಾವ ಊರು ಹೇಳುತ್ತಾರೋ ಆ ಊರಿಗೆ ಹೋಗಬೇಕು. ಯುದ್ಧ ಮುಗಿದ ಮರುವರ್ಷ ಅವನಿಗೆ ಬಂದ ಕಾಗದದಲ್ಲಿ ಮೈಸೂರು ಸೀಮೆ ಎಂದಿತ್ತು. ಹೀಗೆ ಅವನು ನಂದಗುಡಿಗೆ ಎರಡು ಮೈಲಿ ಆಚೆಯ ಒಂದು ರಾಗಿ ಸೀಮೆಯ ಹಳ್ಳಿಯಲ್ಲಿ, ಪಟೇಲ ವೆಂಕಟರಾಯಪ್ಪನ ಹಳೇ ಮನೆಯಲ್ಲಿ, ತಿಂಗಳಿಗೆ ಎಂಟು ರೂಪಾಯಿ ಬಾಡಿಗೆಗೆ ಬಂದು ಕೂತ.

ಜೊತೆಗೆ ಬೆಕ್ ಎಂಬ ಇನ್ನೊಬ್ಬ. ಅವನು ಇವನಿಗಿಂತ ಎರಡು ವರ್ಷಕ್ಕೆ ದೊಡ್ಡವನು, ಇವನಿಗಿಂತ ಒಂದು ಗೇಣು ಉದ್ದ. ಅವರ ಪಂಗಡದಲ್ಲಿ ಇಂಥ ಹುಡುಗರನ್ನು ಎಲ್ಡರ್ ಅನ್ನುತ್ತಾರೆ, ಅಂದರೆ ಹಿರಿಯರು. ಊರಿನವರಿಗೆ ಅದು ತಿಳಿದ ದಿನ ಪಟೇಲನ ಜಗಲಿಯ ಮೇಲೆ ನಗುವೋ ನಗು. ಮೀಸೆ ಇನ್ನೂ ಬಂದಿಲ್ಲ, ಆಗಲೇ ಹಿರಿಯರಂತೆ, ಇನ್ನು ನಮ್ಮಪ್ಪನನ್ನ ಏನಂತ ಕರೀಬೇಕು ಅಂತ ಒಬ್ಬ ಕೇಳಿದ. ಕೊನೆಗೆ ಊರು ಅವರಿಗೆ ಉದ್ದ ದೊರೆ, ಗಿಡ್ಡ ದೊರೆ ಎಂದು ಹೆಸರಿಟ್ಟುಕೊಂಡಿತು.

ಅವರ ದಿನಕ್ಕೆ ಕಟ್ಟುಪಾಡು ಬಹಳ. ಒಬ್ಬರು ಇನ್ನೊಬ್ಬರ ಕಣ್ಣಿನ ಆಚೆಗೆ ಹೋಗಬಾರದು. ಬಿಳಿ ಅಂಗಿ, ಕುತ್ತಿಗೆಗೆ ಟೈ ಇಲ್ಲದೆ ಹೊಸ್ತಿಲು ದಾಟಬಾರದು. ಹೆಂಡ, ಹೊಗೆಸೊಪ್ಪು, ಟೀ, ಕಾಫಿ ಮುಟ್ಟಬಾರದು. ಇದು ಅವರ ದೇವರ ಮಾತು. ಕಾಯಿಸದ ನೀರು ಕುಡಿಯಬಾರದು. ಇದು ದೇವರ ಮಾತಲ್ಲ, ಬೊಂಬಾಯಿಯಲ್ಲಿದ್ದ ಅವರ ಮೇಲಿನವನ ಆಜ್ಞೆ. ಅವರಿಗಿಂತ ಮೊದಲು ಬೇರೆ ಕಡೆಗೆ ಬಂದಿದ್ದ ಒಬ್ಬ ಹುಡುಗ ಕೆರೆ ನೀರು ಕುಡಿದು ವಿಷಮಶೀತ ಜ್ವರದಲ್ಲಿ ಸತ್ತಿದ್ದ.

ಅದಕ್ಕೇ ಬೆಳಿಗ್ಗೆ ಎದ್ದರೆ ಮೊದಲ ಕೆಲಸ ನೀರು. ಅಡಿಗೆಗೂ ಮಾತು ತಿರುಗಿಸುವುದಕ್ಕೂ ಬೆಂಗಳೂರು ದಂಡಿನಿಂದ ಕರೆತಂದಿದ್ದ ಚಿನ್ನಸ್ವಾಮಿ ಪಟೇಲನ ಬಾವಿಯಿಂದ ಸೇದಿ ತಂದು, ಹಂಡೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮಿಲಿಟರಿಯವರ ಎರಡು ನೀರಿನ ಸೀಸೆಗೆ ತುಂಬಿಸುವನು. ಹುಡುಗರು ಅಷ್ಟರಲ್ಲಿ ಪ್ರಾರ್ಥನೆ ಮುಗಿಸಿ, ರಾಗಿ ಗಂಜಿ ಕುಡಿದು, ಒಂದು ಗಂಟೆ ಕನ್ನಡ ಕಲಿತು, ಸೀಸೆ ಹೆಗಲಿಗೆ ಹಾಕಿಕೊಂಡು ಕೆಂಪು ಧೂಳಿನಲ್ಲಿ ಹೊರಡುವರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಅಂಗಿ ಇಟ್ಟಿಗೆ ಬಣ್ಣ. ಯಾವ ಬಾಗಿಲಿಗೆ ಹೋದರೂ ಒಳಗಿಂದ ಒಂದು ಹೆಂಗಸಿನ ದನಿ: ಗಂಡಸರು ಮನೇಲಿಲ್ಲ. ಗಂಡಸರು ಹೊಲದಲ್ಲಿ ಸಿಕ್ಕರೆ ಕೇಳುತ್ತಿದ್ದದ್ದು ದೇವರ ವಿಚಾರ ಅಲ್ಲ. ನಿಮ್ಮ ಕಡೆ ಎಕರೆಗೆ ಎಷ್ಟು ಪಲ್ಲ ಆಗುತ್ತೆ, ನಿಮ್ಮಪ್ಪ ನಿನಗೆ ಇನ್ನೂ ಮದುವೆ ಯಾಕೆ ಮಾಡಿಲ್ಲ, ಇವೇ. ಬೆಕ್ ಬೇಸತ್ತು ಕನ್ನಡ ಕಲಿಯುವುದನ್ನೇ ಬಿಟ್ಟ. ಲೀಲಂಡ್ ಬಿಡಲಿಲ್ಲ. ಅವನ ನಾಲಿಗೆ ನಿಧಾನ, ಕಿವಿ ಚುರುಕು.

ಒಂಬತ್ತು ತಿಂಗಳು ಹೀಗೇ ಹೋಯಿತು. ಅವನ ಪಂಗಡಕ್ಕೆ ಒಬ್ಬರೂ ಸೇರಲಿಲ್ಲ. ಅದಕ್ಕಿಂತ ಅವನನ್ನು ಕೊರೆಯುತ್ತಿದ್ದದ್ದು ಬೇರೆ: ಒಂದೇ ಒಂದು ಮನೆಯವರೂ ಒಳಗೆ ಬನ್ನಿ ಅಂದಿರಲಿಲ್ಲ. ಪಟೇಲನೂ ಜಗಲಿಯ ಮೇಲೇ ಕೂರಿಸಿ ಕಾಸಿದ ಹಾಲು ಕೊಟ್ಟು ಕಳಿಸುತ್ತಿದ್ದ. ಅಪ್ಪನ ದುಡ್ಡು ದಂಡ ಮಾಡುತ್ತಿದ್ದೇನೆ ಎಂದು ಲೀಲಂಡ್ ಒಳಗೊಳಗೇ ಬೇಯುತ್ತಿದ್ದ. ಒಂದು ಬಾಗಿಲು ತೆರೆದರೆ ಸಾಕು ಎನ್ನುವ ಮಟ್ಟಕ್ಕೆ ಅವನ ಆಸೆ ಇಳಿದಿತ್ತು.

ಆ ಬಾಗಿಲು ತೆರೆದದ್ದು ಊರಾಚೆಯ ಕೇರಿಯಲ್ಲಿ. ಅಲ್ಲಿಯ ನರಸಿಂಹಯ್ಯ ಯುದ್ಧದಲ್ಲಿ ದಂಡಿನ ಕೂಲಿ ಪಡೆಗೆ ಸೇರಿ ಬರ್ಮಾ ಗಡಿಯವರೆಗೆ ಹೋಗಿಬಂದವನು. ಬರುವಾಗ ಕಾಲಿಗೆ ಬೂಟು ಹಾಕಿಕೊಂಡೇ ಬಂದ. ಊರೊಳಗಿನ ಬೀದಿಯಲ್ಲಿ ಬೂಟು ಕಳಚಿ ಕೈಲಿ ಹಿಡಿದು ನಡಿ ಎಂದು ಪಟೇಲನ ಕಡೆಯವರು ಹೇಳಿದರು. ಅವನು ಕಳಚಲಿಲ್ಲ, ಆ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಓಡಾಡುತ್ತಿದ್ದ. ಬರ್ಮಾದಲ್ಲಿ ಬಿಳಿ ಸಿಪಾಯಿಗಳು ನನ್ನ ಮಗ್ಗಿನಲ್ಲೇ ಕುಡಿಯುತ್ತಿದ್ದರು ಎಂದು ಅವನು ಹೇಳಿದರೆ ಕೇರಿಯಲ್ಲೇ ಜನ ನಂಬುತ್ತಿರಲಿಲ್ಲ. ಬಿಡ್ಲಾ, ರಾಜರ ಜೊತೆ ಊಟ ಮಾಡ್ದೆ ಅಂತಾನೂ ಹೇಳು ಎಂದು ಕಿಚಾಯಿಸುತ್ತಿದ್ದರು.

ಒಂದು ದಿನ ಅವನು ದಾರಿಯಲ್ಲಿ ಇಬ್ಬರು ದೊರೆಗಳನ್ನೂ ನಿಲ್ಲಿಸಿ, ಭಾನುವಾರ ನಮ್ಮ ಮನೆಗೆ ಬನ್ನಿ ಎಂದ. ಲೀಲಂಡ್‌ಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ನರಸಿಂಹಯ್ಯನ ಹೆಂಡತಿ ಮುನಿಗಂಗಮ್ಮ ಅಂಗಳ ಸಾರಿಸಿ ರಂಗೋಲೆ ಹಾಕಿದ್ದಳು. ಒಳಗೆ ಹೊಸ ಚಾಪೆ. ಬಾಗಿಲಿನಲ್ಲಿ, ಅಂಗಳದಲ್ಲಿ, ಬೇಲಿಯ ಆಚೆ ಕೇರಿಗೆ ಕೇರಿಯೇ ನಿಂತಿತ್ತು. ಅವಳು ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಬಂದು ಚಾಪೆಯ ಮುಂದೆ ಇಟ್ಟಳು. ಒಳ್ಳೆ ಕಾಫಿಯ ವಾಸನೆ.

ಬೆಕ್ ನಗುತ್ತಾ ಎದೆ ಮುಟ್ಟಿಕೊಂಡು ತಲೆ ಆಡಿಸಿದ. ಲೀಲಂಡ್, ನಮಗೆ ಬೇಡಮ್ಮ, ನಾವು ಕುಡಿಯೋದಿಲ್ಲ ಎಂದ. ಯಾಕೆ ಕುಡಿಯುವುದಿಲ್ಲ ಎಂದು ಬಿಡಿಸಿ ಹೇಳಬೇಕಾದ ಚಿನ್ನಸ್ವಾಮಿ ಬಾಯಿ ಬಿಡಲಿಲ್ಲ. ತನ್ನ ಮುಂದಿದ್ದ ಲೋಟವನ್ನು ಅವನೂ ಮುಟ್ಟಲಿಲ್ಲ. ಗುಡಿಸಲಿನೊಳಗೆ ಸೆಕೆ. ಸ್ವಲ್ಪ ಹೊತ್ತಾದ ಮೇಲೆ ಬೆಕ್ ಹೆಗಲಿನ ಸೀಸೆ ತೆಗೆದು ಗಟಗಟ ನೀರು ಕುಡಿದು ಲೀಲಂಡ್ ಕೈಗೆ ಕೊಟ್ಟ. ಲೀಲಂಡ್ ಕೂಡ ಕುಡಿದ. ಬಾಗಿಲಲ್ಲಿದ್ದ ಜನ ಒಬ್ಬೊಬ್ಬರಾಗಿ ಸರಿದುಹೋದರು. ಲೀಲಂಡ್ ಅರ್ಧ ಗಂಟೆ ತನ್ನ ಪುಸ್ತಕದ ಮಾತು ಹೇಳಿದ. ನರಸಿಂಹಯ್ಯ ಕಾಫಿಯ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತಾ ಕೂತಿದ್ದ.

ಮನೆಗೆ ಬಂದ ಲೀಲಂಡ್ ಅಪ್ಪನಿಗೆ ಕಾಗದ ಬರೆದ: ಕೊನೆಗೂ ಒಂದು ಮನೆಯವರು ಒಳಗೆ ಕರೆದರು.

ಮರುವಾರ ಹೋದರೆ ಆ ಬಾಗಿಲು ಹಾಕಿತ್ತು. ಅದರ ಮರುವಾರವೂ ಹಾಕಿತ್ತು. ನರಸಿಂಹಯ್ಯ ದೂರದಿಂದ ಇವರನ್ನು ಕಂಡು ಹೊಲಕ್ಕೆ ಇಳಿದುಬಿಟ್ಟ. ಕೇರಿಯ ಮಕ್ಕಳು ಮಾತ್ರ ಹಿಂದೆ ಬರುತ್ತಿದ್ದವು. ಅವುಗಳದ್ದು ಹೊಸ ಆಟ: ಕೈ ಮುಷ್ಟಿ ಮಾಡಿ ಬಾಯಿಗೆ ಹಿಡಿದು, ತಲೆ ಹಿಂದಕ್ಕೆ ಎಸೆದು ಗಳಗಳ ಎಂದು ಸದ್ದು ಮಾಡುವುದು. ಮಕ್ಕಳಾಟ ಎಂದು ಲೀಲಂಡ್ ತಾನೂ ನಕ್ಕ. ಆ ನಗು ನೆನೆದಾಗ ಮುಂದೆ ಎಷ್ಟೋ ದಿನ ಅವನ ಮುಖ ಬಿಸಿಯಾಗುತ್ತಿತ್ತು.

ತಿಂಗಳ ಮೊದಲ ದಿನ ಬಾಡಿಗೆ ಕೊಡಲು ಇಬ್ಬರೂ ಪಟೇಲನ ಮನೆಗೆ ಹೋದರು. ಆವತ್ತು ವೆಂಕಟರಾಯಪ್ಪ ಜಗಲಿಯಿಂದ ಎದ್ದು ಬಂದು ಕೈಹಿಡಿದು ನಡುಮನೆಗೆ ಕರೆದುಕೊಂಡು ಹೋದ. ಮಣೆ ಹಾಕಿಸಿದ. ಬೆಳ್ಳಿಯ ಲೋಟದಲ್ಲಿ ಹಾಲು ಬಂತು. ಲೀಲಂಡ್ ಎರಡು ಗುಟುಕು ಕುಡಿದಿದ್ದ. ಎಂಟು ರೂಪಾಯಿ ಎಣಿಸಿ ಇಟ್ಟರೆ ಪಟೇಲ ಅದರಲ್ಲಿ ಒಂದನ್ನು ತೆಗೆದು ವಾಪಸು ತಳ್ಳಿದ.

"ಇನ್ನು ಮೇಲೆ ಏಳೇ ಸಾಕು ದೊರೆ," ಅಂದ. "ನಿಮಗೆ ಮನೆ ಕೊಟ್ಟಾಗ ಊರವರೆಲ್ಲ ನನಗೆ ಉಗಿದರು. ಬಿಳೀ ಜನ ಎಲ್ಲರ ಮನೇಲೂ ತಿಂತಾರೆ, ಮನೆ ಮೈಲಿಗೆ ಮಾಡ್ತಾರೆ ಅಂತ. ಈಗ ನೋಡಿ, ಆ ಕೇರಿಯ ನರಸಿಂಹನ ಮನೇಲಿ ಇಟ್ಟ ಲೋಟಾನ ನೀವು ಮುಟ್ಟದೆ ಬಂದ್ರಿ. ನನ್ನ ಬಾವಿ ನೀರೇ ಕುಡಿದ್ರಿ. ನನ್ನ ಮಾನ ಉಳಿಸಿದ್ರಿ. ನೀವೂ ನಮ್ಮವರೇ ಅಂತ ಆಯ್ತು."

ಲೀಲಂಡ್‌ಗೆ ಮಾತು ಅರ್ಥವಾಯಿತು. ಒಂದೊಂದೇ ಪದ ಅರ್ಥವಾಗಿ, ಕೊನೆಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ನಾವು ಕಾಫಿಯನ್ನು ಯಾರ ಮನೆಯಲ್ಲೂ ಕುಡಿಯುವುದಿಲ್ಲ, ನೀವು ಕೊಟ್ಟರೂ ಕುಡಿಯುವುದಿಲ್ಲ, ಅದು ನಮ್ಮ ವ್ರತ, ಅವರ ಮನೆ ಎಂದು ಬಿಟ್ಟದ್ದಲ್ಲ ಎಂದು ತಡವರಿಸುತ್ತಾ ಹೇಳಿದ. ಪಟೇಲ ಸಾವಧಾನವಾಗಿ ಎಲ್ಲ ಕೇಳಿ ನಕ್ಕ.

"ಕಾರಣ ಏನಾದ್ರೂ ಇರಲಿ ಬಿಡಿ. ಊರಿಗೆ ಕಂಡದ್ದು ಕಂಡಿತು. ಆ ನರಸಿಂಹ ಬೂಟು ಕಳಚಿ ಮೂಲೆಗೆ ಇಟ್ಟವ್ನೆ. ನನ್ನ ಕೈಲಿ ಆಗದೆ ಇದ್ದದ್ದು ನಿಮ್ಮಿಂದ ಆಯ್ತು."

ಲೀಲಂಡ್ ಲೋಟ ಇಟ್ಟು ಎದ್ದ. ಆ ಒಂದು ರೂಪಾಯಿಯನ್ನು ಪಟೇಲನ ಕಡೆಗೆ ದೂಡಿ ಹೊರಗೆ ಬಂದ. ಬೆಕ್ ಹಾಲು ಮುಗಿಸಿ, ಪಟೇಲನಿಗೆ ಕೈಮುಗಿದು, ಹಿಂದಿನಿಂದ ಓಡಿಬಂದ.

ದಾರಿಯುದ್ದಕ್ಕೂ ಇಬ್ಬರಿಗೂ ಜಗಳ. ಏನು ನಡೆಯಿತು ಎಂದು ತಿಳಿದ ಮೇಲೂ ಬೆಕ್‌ಗೆ ಅದರಲ್ಲಿ ತಮ್ಮ ತಪ್ಪು ಕಾಣಲಿಲ್ಲ. ನಿಯಮ ನಿಯಮವೇ, ನಾವು ನಡೆದುಕೊಂಡದ್ದು ಸರಿ, ಅವರು ತಪ್ಪು ತಿಳಿದರೆ ಅದಕ್ಕೆ ದೇವರು ನಮ್ಮನ್ನು ಕೇಳುವುದಿಲ್ಲ ಎಂದ. ಕಾಫಿ ಬೇಡ ಎಂದದ್ದು ನಿಯಮ, ಅವರ ಮನೆಯೊಳಗೆ ಕೂತು ನಮ್ಮ ಸೀಸೆಯ ನೀರು ಕುಡಿದದ್ದು ಯಾವ ದೇವರು ಹೇಳಿದ ನಿಯಮ ಎಂದು ಲೀಲಂಡ್ ಕೇಳಿದ. ಅದು ನಮ್ಮ ಜೀವದ ಪ್ರಶ್ನೆ ಎಂದ ಬೆಕ್. ಆ ಮಾತೂ ಸುಳ್ಳಲ್ಲ. ಲೀಲಂಡ್‌ಗೆ ಸಿಟ್ಟು ಇನ್ನೂ ಏರಿದ್ದು ಅದಕ್ಕೇ.

ಮನೆಯಲ್ಲಿ ಚಿನ್ನಸ್ವಾಮಿ ಹಂಡೆಯ ಮುಂದೆ ಕೂತು ಉರಿ ತಳ್ಳುತ್ತಿದ್ದ. ನಿನಗೆ ಗೊತ್ತಿತ್ತು, ಆವತ್ತು ಬಾಯಿ ಯಾಕೆ ಬಿಡಲಿಲ್ಲ ಎಂದು ಲೀಲಂಡ್ ಅವನ ಮೇಲೆ ಹಾರಿಹೋದ. ಚಿನ್ನಸ್ವಾಮಿ ಸೌದೆ ಕೆಳಗಿಟ್ಟ. ಒಂಬತ್ತು ತಿಂಗಳಲ್ಲಿ ಅವನು ದೊರೆಗಳ ಮುಂದೆ ದನಿ ಎತ್ತಿದ್ದು ಅದೇ ಮೊದಲು.

"ಗೊತ್ತಿತ್ತು ದೊರೆ. ನೀವು ಎರಡು ವರ್ಷ ಇದ್ದು ಹಡಗು ಹತ್ತೀರಿ. ನಾನು ಎಲ್ಲಿ ಹತ್ತಲಿ? ನಾನು ಯಾವ ಕೇರೀಲಿ ಹುಟ್ಟಿದೋನು ಅಂತ ಈ ಊರಲ್ಲಿ ಇನ್ನೂ ಯಾರೂ ಕೇಳಿಲ್ಲ. ಆವತ್ತು ಆ ಲೋಟ ಎತ್ತಿದ್ರೆ, ಅವರ ಪರ ಒಂದು ಮಾತು ಆಡಿದ್ರೆ, ಆವಾಗ ಕೇಳ್ತಿದ್ರು. ಕೇಳಿದ ಮೇಲೆ ಆ ಬಾವಿ ಹತ್ತಿರ ನನ್ನ ಬಿಡ್ತಿದ್ರಾ? ನಿಮ್ಮ ಸೀಸೆಗೆ ನೀರು ಯಾರು ತರ್ತಿದ್ರು?"

ಲೀಲಂಡ್ ಹಂಡೆಯನ್ನು ನೋಡಿದ. ತಾನು ಕೇರಿಯಲ್ಲಿ ಕುಡಿದ ನೀರು, ಆ ಕೇರಿಯವರು ಸೇದುವಂತಿಲ್ಲದ ಬಾವಿಯ ನೀರು. ದಿನಾ ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡೇ ಅವರ ಮುಂದೆ ಓಡಾಡುತ್ತಿದ್ದ. ಅವನು ಸೀಸೆಯನ್ನು ಮೊಳೆಗೆ ತಗುಲಿಹಾಕಿ ಹೊರಟ. ಬೆಕ್ ಬಾಗಿಲಿಗೆ ಅಡ್ಡ ನಿಂತು, ಒಬ್ಬನೇ ಹೋದರೆ ಬೊಂಬಾಯಿಗೆ ಬರೆಯುತ್ತೇನೆ ಎಂದ. ಬರಿ ಎಂದು ಹೇಳಿ ಲೀಲಂಡ್ ಪಕ್ಕದಿಂದ ನುಸುಳಿಕೊಂಡು ಹೋದ.

ಇಳಿಹೊತ್ತು. ರಾಗಿ ಕಣದ ಕಾಲವಾದ್ದರಿಂದ ಕೇರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಎಲ್ಲರೂ ಪಟೇಲನ ಕಣದಲ್ಲಿ. ಮುನಿಗಂಗಮ್ಮ ಒಬ್ಬಳೇ ಅಂಗಳದಲ್ಲಿ ಕೂತು ಕೂಲಿಗೆ ಬಂದ ರಾಗಿಯನ್ನು ಮೊರದಲ್ಲಿ ಕೇರುತ್ತಿದ್ದಳು. ಅವನನ್ನು ಕಂಡರೂ ಏಳಲಿಲ್ಲ. ಮೊರ ನಿಲ್ಲಿಸಲಿಲ್ಲ. ಅವನು ಬಿಸಿಲಲ್ಲಿ ನಿಂತೇ ಎಲ್ಲ ಹೇಳಿದ: ನಮ್ಮ ವ್ರತ, ನಮ್ಮ ದೇವರು, ಕಾಫಿ ಎಲ್ಲೂ ಕುಡಿಯುವುದಿಲ್ಲ, ನಿಮ್ಮ ಮನೆ ಎಂದು ಬಿಟ್ಟದ್ದಲ್ಲ. ನರಸಿಂಹಯ್ಯನವರಿಗೂ ಹೇಳಬೇಕು, ಎಲ್ಲಿದ್ದಾರೆ ಎಂದು ಕೇಳಿದ.

"ನಮ್ಮನೆಯೋರು ಬೆಂಗಳೂರಿಗೆ ಹೋದ್ರು. ಗಿರಣೀಲಿ ಕೆಲಸ ಹುಡುಕ್ಕೊಂಡು," ಅಂದಳು ಮುನಿಗಂಗಮ್ಮ. "ಈ ಊರಲ್ಲಿ ತಲೆ ಎತ್ತೋಕೆ ಆಗಾಕಿಲ್ಲ ಅಂತ ಹೋದ್ರು. ಕಣಕ್ಕೆ ಹೋದ್ರೆ, ಏನ್ಲಾ, ನಿನ್ ಮಗ್ಗಿನಲ್ಲಿ ಬಿಳಿಯರು ಕುಡೀತಿದ್ರಂತಲ್ಲ ಅಂತ ಕೇಳ್ತಿದ್ರು. ದಿನಾ ಕೇಳ್ತಿದ್ರು. ಏನ್ ಹೇಳ್ಬೇಕು?"

ಆಮೇಲೆ ಅವಳು ಮೊರ ಕೆಳಗಿಟ್ಟು ಲೆಕ್ಕ ಹೇಳಿದಳು. ಕಾಫಿಪುಡಿ, ಸಕ್ಕರೆ, ಲೋಟ, ಬಸ್ಸು, ಒಂದೊಂದನ್ನೂ ಬೆರಳು ಮಡಿಸಿ ಹೇಳಿದಳು. ಲೀಲಂಡ್ ಜೇಬಿಗೆ ಕೈ ಹಾಕಿದ್ದನ್ನು ನೋಡಿ ಅವಳ ದನಿ ಏರಿತು.

"ಕೈ ತೆಗೀರಿ ದೊರೆ. ಕೊಡಿ ಅಂತ ಹೇಳಿದ್ದಲ್ಲ, ತಿಳೀಲಿ ಅಂತ ಹೇಳಿದ್ದು. ಕಾಫಿ ನಿಮಗೆ ಬ್ಯಾಡ, ಸರಿ. ವ್ರತ ಅಂದ್ರೆ ನಮಗೆ ಗೊತ್ತಿಲ್ವಾ? ನಮ್ಮಲ್ಲೂ ವಾರ ಹಿಡಿಯೋರು ಅವ್ರೆ. ಬ್ಯಾಡಮ್ಮ, ಒಂದು ಲೋಟ ನೀರು ಕೊಡಿ ಅಂದಿದ್ರೆ ಆಗಿತ್ತು. ನಮ್ಮನೇಲಿ ನೀರಿರಲಿಲ್ವಾ? ನನ್ ಚಾಪೆ ಮೇಲೆ ಕೂತು ಪಟೇಲನ ಬಾವಿ ನೀರು ಕುಡಿದ್ರಿ."

ಜ್ವರದ ಮಾತು, ಬೊಂಬಾಯಿಯ ಆಜ್ಞೆಯ ಮಾತು ನಾಲಿಗೆಯ ತುದಿಗೆ ಬಂತು. ಕೇರಿಯ ನೀರನ್ನೇ ದಿನಾ ಕುಡಿದು ದುಡಿಯುವವಳ ಎದುರಿಗೆ ಅದನ್ನು ಹೇಳುವುದು ಹೇಗೆ? ನುಂಗಿಕೊಂಡ.

"ಈಗ ಕೊಡಿ," ಅಂದ. "ನೀರು."

ಮುನಿಗಂಗಮ್ಮ ಎದ್ದಳು. ಒಳಗೆ ಹೋಗಿ ಮಣ್ಣಿನ ಚೆಂಬಿನಲ್ಲಿ ನೀರು ತಂದಳು. ಚೆಂಬನ್ನು ಅವನ ಕೈಗೆ ಕೊಡಲಿಲ್ಲ. ತನ್ನ ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಳು. ಪಟೇಲನ ಕಣದಲ್ಲಿ ಕೇರಿಯವರು ಬೊಗಸೆ ಒಡ್ಡಿ ಬಗ್ಗುವುದನ್ನೂ, ಆಳು ಒಬ್ಬ ದೂರದಿಂದ, ಎತ್ತರದಿಂದ, ಚೆಂಬು ಬೊಗಸೆಗೆ ತಾಗದಂತೆ ಸುರಿಯುವುದನ್ನೂ ಲೀಲಂಡ್ ಎಷ್ಟೋ ಸಲ ನೋಡಿದ್ದ. ನೋಡಿ ಮುಂದೆ ಹೋಗಿದ್ದ. ಈಗ ಅವನು ಬಗ್ಗಿ ಬೊಗಸೆ ಒಡ್ಡಿದ.

ಅವಳು ಸುರಿದಳು. ಅಭ್ಯಾಸವಿಲ್ಲದ ಕೈ, ಅರ್ಧ ನೀರು ಮೊಣಕೈಯಿಂದ ಇಳಿದು ಅಂಗಿಯ ತೋಳಿನೊಳಗೆ ಹೋಯಿತು, ಟೈ ಒದ್ದೆಯಾಯಿತು, ಮೂಗಿಗೆ ಹತ್ತಿತು. ಸಾಕು ಎಂದು ಅವನು ತಲೆ ಎತ್ತುವವರೆಗೂ ಅವಳು ನಿಲ್ಲಿಸಲಿಲ್ಲ. ಅವನು ಮುಖ ಒರೆಸಿಕೊಂಡು, ಇನ್ನು ಮೇಲೆ ಬರಬಹುದೇ ಎಂದು ಕೇಳಿದ.

"ಆವತ್ತು ನೋಡೋಕೆ ಕೇರಿಯೆಲ್ಲ ನಿಂತಿತ್ತು," ಅಂದಳು ಅವಳು. "ಇವತ್ತು ಯಾರು ನೋಡಿದ್ರು?"

ನಾಳೆ ಬರುತ್ತೇನೆ, ಎಲ್ಲರ ಎದುರಿಗೇ ಕುಡಿಯುತ್ತೇನೆ ಎಂದ.

"ನಾಳೆ ನಮಗೆ ಕಣದ ಕೆಲಸ ಐತೆ. ನಿಮ್ಮನ್ನ ನೋಡ್ಕೊಂಡು ನಿಲ್ಲೋಕೆ ಯಾರಿಗೂ ಪುರಸೊತ್ತಿಲ್ಲ," ಎಂದು ಹೇಳಿ ಮುನಿಗಂಗಮ್ಮ ಮತ್ತೆ ಮೊರ ಎತ್ತಿಕೊಂಡಳು.

ಯಾರೂ ನೋಡಲಿಲ್ಲ ಎಂದು ಅವಳು ಅಂದದ್ದು ಒಂದು ಲೆಕ್ಕಕ್ಕೆ ತಪ್ಪು. ಬೇಲಿಯ ಆಚೆ ದನ ಹೊಡೆದುಕೊಂಡು ಹೋಗುತ್ತಿದ್ದ ಪಟೇಲನ ಆಳು ನೋಡಿದ್ದ. ದೀಪ ಹಚ್ಚುವ ಹೊತ್ತಿಗೆ ಪಟೇಲನಿಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಅವನೇ ಬಂದು, ಒಳಗೆ ಕಾಲಿಡದೆ, ಬೀದಿಯಲ್ಲಿ ನಿಂತು ಮನೆ ಖಾಲಿ ಮಾಡಿ ಎಂದ. ಕೋಪದ ದನಿಯಲ್ಲ, ಲೆಕ್ಕ ಚುಕ್ತಾ ಮಾಡುವ ದನಿ. ಬಾಡಿಗೆಯಲ್ಲಿ ಉಳಿದ ದಿನದ ದುಡ್ಡನ್ನೂ ಎಣಿಸಿ ಹೊಸ್ತಿಲ ಮೇಲೆ ಇಟ್ಟ. ಬಾವಿಗೆ ಹೋದ ಚಿನ್ನಸ್ವಾಮಿ ಬರಿಗೊಡ ಹಿಡಿದು ವಾಪಸು ಬಂದ. ಲೀಲಂಡ್‌ನ ಮುಖ ಕೂಡ ನೋಡದೆ ತನ್ನ ಗಂಟು ಕಟ್ಟತೊಡಗಿದ.

ಹೊರಡುವ ಮೊದಲು ಲೀಲಂಡ್ ಪಟೇಲನನ್ನು ಬೀದಿಯಲ್ಲೇ ತಡೆದು, ನಾನು ಅವರ ನೀರು ಕುಡಿದೆ, ಎಲ್ಲರಿಗೂ ಹೇಳಿ, ನಿಮ್ಮ ಊರಿಗೆಲ್ಲ ಹೇಳಿ ಎಂದು ತನಗೆ ಗೊತ್ತಿದ್ದ ಕನ್ನಡದಲ್ಲಿ ಕೂಗಾಡಿದ. ಕಣಕ್ಕೆ ಹೋಗುತ್ತಿದ್ದ ಜನ ನಿಂತು ನೋಡಿದರು. ಪಟೇಲ ಅವನ ತೋಳು ತಟ್ಟಿ, ಬಿಸಿಲಿಗೆ ದೊರೆಗೆ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಜನ ಅದನ್ನೇ ನಂಬಿದರು. ಅದು ನಂಬುವುದಕ್ಕೆ ಸುಲಭವಾಗಿತ್ತು.

ಕೇರಿಯ ನೀರಿನಿಂದ ಲೀಲಂಡ್‌ಗೆ ಹೊಟ್ಟೆನೋವೂ ಬರಲಿಲ್ಲ. ಬೆಕ್ ಬರೆದ ಕಾಗದ ಬೊಂಬಾಯಿ ತಲುಪಿ, ಆರು ವಾರದಲ್ಲಿ ಅವನಿಗೆ ವಾಪಸು ಹಡಗಿನ ಚೀಟಿ ಬಂತು. ಎರಡು ವರ್ಷಕ್ಕೆ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಅಪ್ಪನ ಮನೆಗೆ ಹೋದ. ಚಿನ್ನಸ್ವಾಮಿಯ ಕೆಲಸ ಹೋಯಿತು. ನರಸಿಂಹಯ್ಯನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತು, ಅವನು ಮತ್ತೆ ಊರಿಗೆ ಬರಲಿಲ್ಲ. ಆರು ತಿಂಗಳಾದ ಮೇಲೆ ಹೆಂಡತಿಯನ್ನೂ ಅಲ್ಲಿಗೇ ಕರೆಸಿಕೊಂಡ. ಪಟೇಲ ಮನೆಗೆ ಸುಣ್ಣ ಹೊಡೆಸಿ ಬೇರೆಯವರಿಗೆ ಕೊಟ್ಟ. ಲೀಲಂಡ್‌ಗೆ ಆ ಊರಿನಲ್ಲಿ ತೆರೆದಿದ್ದದ್ದು ಒಂದೇ ಬಾಗಿಲು, ಅದು ಹೋಯಿತು. ಮುನಿಗಂಗಮ್ಮನ ನೀರನ್ನು ಅವನು ಕುಡಿದದ್ದು ನಿಜ, ಆದರೆ ಅವಳಿಗೆ ಬೇಕಾಗಿದ್ದ ದಿನ ಕುಡಿಯಲಿಲ್ಲ.